ಅರ್ಥಿಂಗ್ ಮೊದಲು, ಗ್ರಾಫಿಕ್ಸ್ ಕಾರ್ಡ್ ಆಮೇಲೆ: ದಾವಣಗೆರೆಯಲ್ಲಿ ಕಾಲೇಜಿಗೆ ಡೆಸ್ಕ್‌ಟಾಪ್ ಅಸೆಂಬಲ್ ಮಾಡಿಸುವವರಿಗೆ

2025ರ ಆಗಸ್ಟ್‌ನಲ್ಲಿ ಅಕ್ಕ ವಾಟ್ಸಾಪ್‌ಗೆ ಒಂದು ಚೀಟಿಯ ಫೋಟೊ ಕಳಿಸಿದಳು. ಮಗನಿಗೆ ಊರಲ್ಲೇ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿತ್ತು. ಅಪ್ಪ ಮಗ ಇಬ್ಬರೂ ಸ್ಕೂಟರ್ ಹತ್ತಿ ಹೋಗಿ ಒಂದು ಅಂಗಡಿಯಲ್ಲಿ ಕೊಟೇಶನ್ ಬರೆಸಿಕೊಂಡು ಬಂದಿದ್ದರು. ಫೋಟೊ ಹಿಂದೆಯೇ ಫೋನ್ ಬಂತು. "ಐವತ್ನಾಲ್ಕು ಸಾವಿರ ಆಗುತ್ತಂತೆ ಕಣೋ. ಕೊಡಬಹುದಾ?"

ಚೀಟಿಯಲ್ಲಿ ಇದ್ದದ್ದು ಇಷ್ಟು: ಐ5 ಪ್ರೊಸೆಸರ್, ಮದರ್‌ಬೋರ್ಡ್, 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಕಾರ್ಡ್, 20 ಇಂಚಿನ ಮಾನಿಟರ್, ಕೀಬೋರ್ಡ್, ಮೌಸ್. ಕೊನೆಯ ಸಾಲಲ್ಲಿ "ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್ – 2,200".

ನೆಂಟರಿಷ್ಟರ ಮನೆಯ ಕಂಪ್ಯೂಟರ್‌ಗಳಿಗೆಲ್ಲ ನಾನೇ ಬಿಟ್ಟಿ ಮೆಕ್ಯಾನಿಕ್. ಹಾಗಾಗಿ ಇಂಥ ಚೀಟಿ ನೋಡಿದಾಗ ನನ್ನ ಕಣ್ಣು ಮೊದಲು ಹೋಗುವುದು ಆ ಕೊನೆಯ ಸಾಲಿಗೇ. ಹದಿನೇಳು ಸಾವಿರದ ಕಾರ್ಡ್‌ಗೆ ಕರೆಂಟ್ ಕೊಡುವುದು ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಆ ಎಸ್‌ಎಂಪಿಎಸ್ ಡಬ್ಬಿ. ಯುಪಿಎಸ್ ಅಂತೂ ಚೀಟಿಯಲ್ಲೇ ಇಲ್ಲ. ವಿಂಡೋಸ್ ದುಡ್ಡಿನದೋ ಕದ್ದದ್ದೋ, ಅದೂ ಬರೆದಿಲ್ಲ. "ಐ5" ಅಂತ ಇದೆ, ಆದರೆ ಯಾವ ಐ5? ಐ5 ಅನ್ನುವ ಹೆಸರು 2009ರಿಂದ ಇದೆ. ಪಕ್ಕದ ನಂಬರ್ ಇಲ್ಲದಿದ್ದರೆ ಅದು "ಬಸ್ ಬರುತ್ತೆ" ಅಂದ ಹಾಗೆ. ಯಾವ ಊರಿನದು, ಎಷ್ಟು ಗಂಟೆಗೆ?

ಅಂಗಡಿಯವರದು ಮೋಸ ಅಂತ ನಾನು ಹೇಳುತ್ತಿಲ್ಲ. ಹುಡುಗರು ಕೇಳುವುದು ಕಾರ್ಡ್, ಅಪ್ಪಂದಿರು ಕೇಳುವುದು ಒಟ್ಟು ಮೊತ್ತ. ಎರಡೂ ಹೊಂದಬೇಕೆಂದರೆ ಕಣ್ಣಿಗೆ ಕಾಣದ ಕಡೆ ಕತ್ತರಿ ಬೀಳುತ್ತದೆ. ನನ್ನ ಲೆಕ್ಕ ಇದಕ್ಕೆ ಉಲ್ಟಾ. ಆಮೇಲೆ ಬದಲಿಸಲು ಕಷ್ಟವಾಗುವ ಸಾಮಾನಿಗೆ ಮೊದಲು ದುಡ್ಡು ಹಾಕಬೇಕು. ಸುಮ್ನೆ ತಂದು ಸಿಕ್ಕಿಸಬಹುದಾದ್ದನ್ನು ಆಮೇಲೆ ತಂದರಾಯಿತು.

ಮೊದಲ ಪ್ರಶ್ನೆ: ಡೆಸ್ಕ್‌ಟಾಪೇ ಬೇಕಾ?

ಹಾಸ್ಟೆಲ್ ಹುಡುಗ ಹುಡುಗಿಯರಿಗೆ ನಾನು ಡೆಸ್ಕ್‌ಟಾಪ್ ಹೇಳುವುದಿಲ್ಲ. ರೂಮಿಗೆ ಮೂರು ಮಂದಿ, ಒಂದು ಪ್ಲಗ್ ಪಾಯಿಂಟ್, ಪ್ರತಿ ವರ್ಷ ರೂಮ್ ಬದಲಾವಣೆ. ಹರಿಹರ, ಜಗಳೂರು, ಚನ್ನಗಿರಿಯಿಂದ ದಿನಾ ಬಸ್ಸಲ್ಲಿ ಬಂದು ಹೋಗುವವರು ಪ್ರಾಜೆಕ್ಟ್ ತೋರಿಸಲು ಕಾಲೇಜಿಗೆ ಏನಾದರೂ ಹೊರಬೇಕು ಅಂದರೆ ಲ್ಯಾಪ್‌ಟಾಪೇ ಸರಿ. ಮನೆಯಲ್ಲೇ ಇದ್ದು ಓದುವವರಿಗೆ ಮಾತ್ರ ಡೆಸ್ಕ್‌ಟಾಪ್ ಲಾಭ. ಅದೇ ದುಡ್ಡಿಗೆ ದೊಡ್ಡ ಪರದೆ ಬರುತ್ತದೆ, ಕುತ್ತಿಗೆ ನೋಯುವುದಿಲ್ಲ, ಬೇಸಿಗೆಯಲ್ಲಿ ಬಿಸಿಯಾಗಿ ನಿಧಾನವಾಗುವುದೂ ಕಡಿಮೆ. ಮುಖ್ಯವಾಗಿ, ಒಂದು ಪಾರ್ಟ್ ಹೋದರೆ ಆ ಒಂದನ್ನೇ ಬದಲಿಸಬಹುದು. ಲ್ಯಾಪ್‌ಟಾಪ್ ಬೋರ್ಡ್ ಹೋದರೆ ಹೇಳುವ ರಿಪೇರಿ ರೇಟ್ ಕೇಳಿ ಮನೆಯವರೆಲ್ಲ ಒಮ್ಮೆ ಕೂತುಕೊಳ್ಳಬೇಕಾಗುತ್ತದೆ.

ಎರಡೂ ಬೇಕು ಅನ್ನುವವರಿಗೆ ಒಂದು ಮಧ್ಯದ ದಾರಿ ಇದೆ. ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಇದ್ದರೆ ಅದಕ್ಕೊಂದು ಎಸ್‌ಎಸ್‌ಡಿ ಹಾಕಿಸಿ ಕಾಲೇಜಿಗೆ ಒಯ್ಯಲು ಇಟ್ಟುಕೊಳ್ಳಿ. ಭಾರದ ಕೆಲಸ ಡೆಸ್ಕ್‌ಟಾಪ್ ಮಾಡಲಿ.

ಯಾವ ಕೋರ್ಸಿಗೆ ಎಷ್ಟು?

ಬಿ.ಕಾಂ., ಬಿ.ಎ., ಬಿ.ಎಡ್. ಓದುವವರಿಗೆ ಟ್ಯಾಲಿ, ಎಕ್ಸೆಲ್, ಪಿಪಿಟಿ, ಯೂಟ್ಯೂಬ್ ಪಾಠ, ಕನ್ನಡ ಟೈಪಿಂಗ್. ಇಷ್ಟಕ್ಕೆ ಹೊಸ ಪ್ರೊಸೆಸರ್ ಕೂಡ ಬೇಕಿಲ್ಲ. ದೊಡ್ಡ ಆಫೀಸುಗಳಿಂದ ಹೊರಬಿದ್ದ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್ ಥರದ ಪೆಟ್ಟಿಗೆಗಳು ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಸಿಗುತ್ತವೆ. ಗಟ್ಟಿ ಸಾಮಾನು. ಆದರೆ ಎರಡು ವಿಷಯ ನೋಡಿಕೊಳ್ಳಬೇಕು.

ಒಂದು, ಪ್ರೊಸೆಸರ್ ನಂಬರ್. ಐ5-6500 ಮತ್ತು ಐ5-8500 ಎರಡರ ಮೇಲೂ "ಐ5" ಸ್ಟಿಕರ್ ಇರುತ್ತದೆ. ಮೊದಲನೆಯದು ಆರನೇ ತಲೆಮಾರಿನದು, ನಾಲ್ಕು ಕೋರ್ (ಕೋರ್ ಅಂದರೆ ಒಳಗೆ ಲೆಕ್ಕ ಮಾಡುವ ಘಟಕ). ಎರಡನೆಯದು ಎಂಟನೇ ತಲೆಮಾರಿನದು, ಆರು ಕೋರ್. ವಿಂಡೋಸ್ 11 ಅಧಿಕೃತವಾಗಿ ಕೂರುವುದು ಇಂಟೆಲ್‌ನ ಎಂಟನೇ ತಲೆಮಾರಿನಿಂದ ಮೇಲೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ಅದಾದ ಮೇಲೆ 6500 ಪೆಟ್ಟಿಗೆಗಳು ಅಗ್ಗವಾದದ್ದು ಸುಮ್ಮನೆ ಅಲ್ಲ. ಲಿನಕ್ಸ್ ಹಾಕಿಕೊಳ್ಳುತ್ತೇನೆ ಅನ್ನುವವರು ಧೈರ್ಯವಾಗಿ ತಗೊಳ್ಳಿ, ಬೇರೆಯವರು 8500ಕ್ಕೆ ಕಡಿಮೆ ಇಲ್ಲದ್ದನ್ನು ನೋಡಿ.

ಇನ್ನೊಂದು, ಆ ಪೆಟ್ಟಿಗೆಗಳ ಎಸ್‌ಎಂಪಿಎಸ್ ಮತ್ತು ಬೋರ್ಡ್ ಬಹುಪಾಲು ಆ ಕಂಪನಿಯ ಅಳತೆಗೇ ಮಾಡಿದ್ದು. ಅಂಗಡಿಯಲ್ಲಿ ಸಿಗುವ ಮಾಮೂಲಿ ಎಸ್‌ಎಂಪಿಎಸ್ ಅದಕ್ಕೆ ಕೂರುವುದಿಲ್ಲ. ಸಣ್ಣ ಮಾಡೆಲ್ ಆದರೆ ಉದ್ದದ ಗ್ರಾಫಿಕ್ಸ್ ಕಾರ್ಡ್‌ಗೂ ಜಾಗ ಇಲ್ಲ. ಹೀಗಾಗಿ "ಈಗ ಇದು, ಮುಂದೆ ಅಪ್‌ಗ್ರೇಡ್" ಅನ್ನುವವರಿಗೆ ಅದು ಮುಚ್ಚಿದ ಬಾಗಿಲು. ಬಿ.ಕಾಂ. ಹುಡುಗಿಗೆ ಮೂರು ವರ್ಷ ಆರಾಮಾಗಿ ಬರುತ್ತದೆ, ಎಂಜಿನಿಯರಿಂಗ್ ಹುಡುಗನಿಗೆ ಬೇಡ.

ಎಂಜಿನಿಯರಿಂಗ್‌ನಲ್ಲೂ ಬ್ರಾಂಚ್ ಬ್ರಾಂಚಿಗೆ ವ್ಯತ್ಯಾಸ. ಕಂಪ್ಯೂಟರ್ ಸೈನ್ಸ್‌ನ ಮೊದಲೆರಡು ವರ್ಷ ಸಿ, ಜಾವಾ, ಪೈಥಾನ್, ಡೇಟಾಬೇಸ್. ಇವೆಲ್ಲ ಸಾಧಾರಣ ಮಷೀನ್‌ನಲ್ಲೂ ಓಡುತ್ತವೆ. ನಿಜವಾಗಿ ಹಿಂಡುವುದು ಫೋನ್ ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೋ. ಎಮ್ಯುಲೇಟರ್ (ಪರದೆ ಮೇಲೆ ನಕಲಿ ಫೋನ್ ಓಡಿಸುವ ತಂತ್ರಾಂಶ) ಜೊತೆ ಓಡಿಸಲು 16 ಜಿಬಿ ರ‍್ಯಾಮ್ ಬೇಕು ಅಂತ ಗೂಗಲ್ಲೇ ಹೇಳುತ್ತದೆ. ಆ 54 ಸಾವಿರದ ಚೀಟಿಯಲ್ಲಿ ಇದ್ದದ್ದು 8. ಎಲೆಕ್ಟ್ರಾನಿಕ್ಸ್‌ನವರಿಗೆ ಡಿಸ್ಕ್ ಜಾಗದ ತಲೆನೋವು. ಚಿಪ್ ವಿನ್ಯಾಸದ ವಿವಾಡೋ ತಂತ್ರಾಂಶವೊಂದೇ ನೂರು ಜಿಬಿ ಹತ್ತಿರ ತಿಂದು ಕೂರಬಹುದು. ಸಿವಿಲ್, ಮೆಕ್ಯಾನಿಕಲ್‌ನವರಿಗೆ ಆಟೊಕ್ಯಾಡ್, ಸಾಲಿಡ್‌ವರ್ಕ್ಸ್. ವಿದ್ಯಾರ್ಥಿಗಳಿಗೆ ಆಟೊಕ್ಯಾಡ್ ಮಾಡುವ ಆಟೊಡೆಸ್ಕ್ ಪುಕ್ಕಟೆ ಪರವಾನಗಿ ಕೊಡುತ್ತದೆ, ವರ್ಷ ವರ್ಷ ನವೀಕರಿಸಿಕೊಳ್ಳಬೇಕು. ಕಳ್ಳ ಕಾಪಿ ಹಾಕಿಸಿಕೊಂಡು ವೈರಸ್ ತಂದುಕೊಳ್ಳುವ ಅಗತ್ಯವೇ ಇಲ್ಲ. ಮೊದಲ ದಿನದಿಂದಲೇ ಗ್ರಾಫಿಕ್ಸ್ ಕಾರ್ಡ್ ಬೇಕಾದವರು ಅನಿಮೇಶನ್, ವಿಡಿಯೊ ಎಡಿಟಿಂಗ್, ದೃಶ್ಯಕಲೆಯಲ್ಲಿ ಡಿಜಿಟಲ್ ಕೆಲಸ ಮಾಡುವವರು. ಅವರ ಲೆಕ್ಕ ಬೇರೆ.

ಪ್ರೊಸೆಸರ್: ಮೂರು ಗುಂಪು

ಐವತ್ತು ಸಾವಿರದ ಒಳಗೆ ನಾವು ನಿಜವಾಗಿ ತೂಗಿ ನೋಡಿದ್ದು ಇಂಟೆಲ್ ಐ3-12100, ಇಂಟೆಲ್ ಐ5-12400, ಎಎಂಡಿ ರೈಜೆನ್ 5 5600ಜಿ.

12100ಕ್ಕೆ ನಾಲ್ಕು ಕೋರ್, ಎಂಟು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆಗಳು). ಹಗುರ ಕೋರ್ಸಿನವರು ಹೊಸದೇ ಬೇಕು ಅಂದರೆ ಇದು ಧಾರಾಳ. ಉಳಿದೆರಡಕ್ಕೂ ಆರು ಕೋರ್, ಹನ್ನೆರಡು ಥ್ರೆಡ್. ಪೈಪೋಟಿ ಇರುವುದು ಇವೆರಡರ ಮಧ್ಯೆ.

5600ಜಿ ಒಳಗಿರುವ ವೇಗಾ ಗ್ರಾಫಿಕ್ಸ್ ಇಂಟೆಲ್‌ನ 12400ರೊಳಗಿನ ಯುಎಚ್‌ಡಿ 730ಕ್ಕಿಂತ ಸಾಕಷ್ಟು ಬಲ. ಕಾರ್ಡ್ ಯಾವತ್ತೂ ಹಾಕುವುದಿಲ್ಲ, ಸಂಜೆ ಸ್ವಲ್ಪ ವ್ಯಾಲೊರಂಟ್ ಆಡಿದರೆ ಸಾಕು ಅನ್ನುವವರಿಗೆ ಇದೇ ಸರಿ. ಆದರೆ ಅದು ಮೆಮೊರಿಯನ್ನು ರ‍್ಯಾಮ್‌ನಿಂದಲೇ ಕಡ ತೆಗೆದುಕೊಳ್ಳುತ್ತದೆ. ಹಾಗಾಗಿ ಒಂದೇ 16ರ ಕಡ್ಡಿ ಬದಲು 8ರ ಎರಡು ಕಡ್ಡಿ ಹಾಕಲೇಬೇಕು. ಒಂದೇ ಹಾಕಿದರೆ ಆಟದ ವೇಗ ಎದ್ದು ಕಾಣುವಷ್ಟು ಬೀಳುತ್ತದೆ. ಇನ್ನೊಂದು ಕೊರತೆ, ಅದರ ಕ್ಯಾಶ್ ಮೆಮೊರಿ (ಪ್ರೊಸೆಸರ್ ಒಳಗಿನ ವೇಗದ ಸಣ್ಣ ಮೆಮೊರಿ) 16 ಎಂಬಿ, ಅಣ್ಣನಂತಿರುವ 5600ರ ಅರ್ಧ. ಮುಂದೆ ಒಳ್ಳೆ ಕಾರ್ಡ್ ಹಾಕಿದಾಗ ಈ ಕೊರತೆ ಕಾಣುತ್ತದೆ.

ನಮ್ಮ ಹುಡುಗ ಮುಂದೆ ಕಾರ್ಡ್ ಹಾಕಿಕೊಳ್ಳುವವನೇ. ಅದಕ್ಕೆ 12400 ಸರಿ ಕಂಡಿತು. ಇಲ್ಲಿ ಒಂದು ಅಕ್ಷರದ ಆಟ ಇದೆ. 12400 ಬೇರೆ, 12400ಎಫ್ ಬೇರೆ. ಎಫ್ ಆಗ ಎರಡು ಸಾವಿರದಷ್ಟು ಅಗ್ಗವಿತ್ತು, ಆದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಇಲ್ಲದೆ ಅದರಲ್ಲಿ ಪರದೆ ಮೇಲೆ ಏನೂ ಬರುವುದಿಲ್ಲ. ಪರೀಕ್ಷೆ ಹಿಂದಿನ ದಿನ ಕಾರ್ಡ್ ಕೈಕೊಟ್ಟರೆ ಎಫ್ ಇದ್ದವನು ಗೋಡೆ ನೋಡಬೇಕು. ಎರಡು ಸಾವಿರ ಉಳಿಸಲು ಹೋಗಬೇಡಿ.

ಎಎಂಡಿಯ ಹೊಸ ಎಎಂ5 ಸಾಕೆಟ್ (ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಜಾಗ) ಬಗ್ಗೆ ಹುಡುಗ ಕೇಳಿದ. "ಮಾವ, ಅದಕ್ಕೆ ಇನ್ನೂ ಹೊಸ ಪ್ರೊಸೆಸರ್ ಬರ್ತಾವಂತೆ, ಇಂಟೆಲ್‌ದು ಮುಗೀತಂತೆ." ಅವನು ಹೇಳಿದ್ದು ನಿಜ. ಎಎಂ5ಗೆ 2027ರವರೆಗಾದರೂ ಹೊಸ ಪ್ರೊಸೆಸರ್ ಕೊಡುತ್ತೇವೆ ಅಂತ ಎಎಂಡಿ ಹೇಳಿದೆ. 12400 ಕೂರುವ ಸಾಕೆಟ್‌ನ ಜಾಗಕ್ಕೆ ಇಂಟೆಲ್ 2024ರಲ್ಲೇ ಬೇರೆ ತಂದಿದೆ. ಆದರೆ ಎಎಂ5ಗೆ ಹೊಸ ತಲೆಮಾರಿನ ಡಿಡಿಆರ್5 ಮೆಮೊರಿಯೇ ಬೇಕು, ಬೋರ್ಡೂ ದುಬಾರಿ. ಎಪ್ಪತ್ತು ಸಾವಿರ ಇದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ನಾಲ್ಕು ವರ್ಷದ ಡಿಗ್ರಿ ಮುಗಿಯುವ ಮುಂಚೆ ಪ್ರೊಸೆಸರ್ ಬದಲಿಸುವವರನ್ನು ನಾನು ನಮ್ಮ ಬಳಗದಲ್ಲಿ ಒಬ್ಬರನ್ನೂ ಕಂಡಿಲ್ಲ.

ಕೊಳ್ಳುವಾಗ "ಬಾಕ್ಸ್ ಪೀಸ್" ಅಂತಲೇ ಕೇಳಿ. ಸೀಲ್ ಇರುವ ಡಬ್ಬಿ, ಒಳಗೆ ಕೂಲರ್, ಕಂಪನಿಯದೇ ಮೂರು ವರ್ಷದ ವಾರಂಟಿ. ಟ್ರೇ ಪೀಸ್ ಅಗ್ಗ ಸಿಗುತ್ತದೆ. ಅದಕ್ಕೆ ಡಬ್ಬಿ ಇಲ್ಲ, ಕೂಲರ್ ಇಲ್ಲ, ತೊಂದರೆ ಆದರೆ ಮಾರಿದವನೇ ಗತಿ.

ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ

ಎಚ್610 ಬೋರ್ಡ್‌ಗೆ ರ‍್ಯಾಮ್ ಜಾಗ ಎರಡೇ. ಬಿ760ರಲ್ಲಿ ಸಾಮಾನ್ಯವಾಗಿ ನಾಲ್ಕು, ಮತ್ತು ಎರಡನೇ ಎಸ್‌ಎಸ್‌ಡಿಗೂ ಜಾಗ. ಬೆಲೆಯ ವ್ಯತ್ಯಾಸ ಆಗ ನಾಲ್ಕು ಸಾವಿರ ಇತ್ತು. ನಾವು ಎಚ್610 ತಗೊಂಡು ಒಂದೇ 16 ಜಿಬಿ ಕಡ್ಡಿ ಹಾಕಿ, ಇನ್ನೊಂದು ಜಾಗ ಖಾಲಿ ಬಿಟ್ಟೆವು. ಯುಎಚ್‌ಡಿ 730 ಅಷ್ಟೇನೂ ಆಟ ಆಡಿಸುವುದಲ್ಲ, ಹಾಗಾಗಿ ಜೋಡಿ ಕಡ್ಡಿಯ ಲಾಭ ಕಡಿಮೆ. ಮುಂದಿನ ವರ್ಷ ಇನ್ನೊಂದು 16 ಹಾಕಿದರಾಯಿತು ಅಂದುಕೊಂಡೆ.

ಇಲ್ಲಿ ನನ್ನ ಲೆಕ್ಕ ತಲೆಕೆಳಗಾಯಿತು, ಹೇಳಿಬಿಡುತ್ತೇನೆ. 2025ರ ಕೊನೆಯಲ್ಲಿ ಮೆಮೊರಿ ಬೆಲೆ ಹುಚ್ಚು ಹತ್ತಿದಂತೆ ಏರಿತು. ಎಐ ಡೇಟಾ ಸೆಂಟರ್‌ಗಳು ಚಿಪ್‌ಗಳನ್ನು ಬಾಚಿಕೊಂಡವು, ಮನೆಯ ಕಂಪ್ಯೂಟರಿನ ರ‍್ಯಾಮ್‌ಗೆ ಬರ ಬಂತು. ನಾವು 3,300ಕ್ಕೆ ತಂದ ಕಡ್ಡಿಗೆ ಅದೇ ಅಂಗಡಿಯಲ್ಲಿ ಆಮೇಲೆ ಎರಡು ಪಟ್ಟಿಗಿಂತ ಜಾಸ್ತಿ ಕೇಳಿದರು. ಖಾಲಿ ಜಾಗ ಖಾಲಿಯೇ ಇದೆ. ಹಾಗಾಗಿ ಈಗ ಕಟ್ಟಿಸುವವರು ರ‍್ಯಾಮ್ ಬೆಲೆಯನ್ನು ಕೊಳ್ಳುವ ದಿನವೇ ಕೇಳಿ ತಿಳಿದುಕೊಳ್ಳಿ. ವಾರದ ಹಿಂದಿನ ಕೊಟೇಶನ್ ನಂಬಬೇಡಿ. ಬೆಲೆ ಏರಿದ್ದಾಗ 16ಕ್ಕೆ ನಿಲ್ಲಿಸಿ, 8ಕ್ಕೆ ಮಾತ್ರ ಇಳಿಯಬೇಡಿ.

ಎಸ್‌ಎಸ್‌ಡಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೋರ್ಡ್ ಮೇಲೆ ಸ್ಕ್ರೂ ಹಾಕಿ ಕೂರಿಸುವ ಎನ್‌ವಿಎಂಇ ತಗೊಳ್ಳಿ. ಹಳೇ ಥರದ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿ ಸುತ್ತಮುತ್ತ ನಿಲ್ಲುತ್ತದೆ, ಇದು ಅದರ ಎಷ್ಟೋ ಪಟ್ಟು. ಬೆಲೆಯಲ್ಲಿ ಅಂಥ ಅಂತರ ಇಲ್ಲ. ತಿರುಗುವ ಹಾರ್ಡ್ ಡಿಸ್ಕ್ ಮದುವೆ ವಿಡಿಯೊ ತುಂಬಿಡಲು ಸಾಕು, ಅದರಿಂದ ವಿಂಡೋಸ್ ಓಡಿಸಬೇಡಿ.

ಕರೆಂಟ್ ಕಥೆ

ನನ್ನ ಮೊದಲ ಕಂಪ್ಯೂಟರ್ ಇದ್ದದ್ದು ಹಳೇ ಊರಿನ ಒಂದು ಬಾಡಿಗೆ ಮನೆಯಲ್ಲಿ. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಹಿಂಭಾಗ ಮುಟ್ಟಿದರೆ ಕೈಗೆ ಜುಂ ಅನ್ನುತ್ತಿತ್ತು. ಟೆಸ್ಟರ್ ಇಟ್ಟರೆ ಸಣ್ಣಗೆ ಉರಿಯುತ್ತಿತ್ತು. "ಎಲ್ಲಾ ಕಂಪ್ಯೂಟರೂ ಹಂಗೇ" ಅಂತ ಯಾರೋ ಅಂದರು, ನಾನೂ ನಂಬಿದೆ. ಒಂದು ಮಳೆಗಾಲದ ಸಂಜೆ ಕರೆಂಟ್ ಹೋಗಿ ಬಂತು, ಮತ್ತೆ ಹೋಗಿ ಬಂತು. ಮೂರನೇ ಸಲ ಬಂದಾಗ ಪಟ್ ಅಂತ ಸದ್ದು, ಸುಟ್ಟ ವಾಸನೆ. ಕ್ಯಾಬಿನೆಟ್ ಜೊತೆ ಬಂದಿದ್ದ ಎಸ್‌ಎಂಪಿಎಸ್ ಒಬ್ಬನೇ ಹೋಗಲಿಲ್ಲ, ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಕರೆದುಕೊಂಡು ಹೋಯಿತು. ಅದರಲ್ಲಿ ತಂಗಿಯ ಮದುವೆ ಫೋಟೊಗಳಿದ್ದವು. ಅವಳು ಇವತ್ತಿಗೂ ಅದನ್ನು ಎತ್ತುತ್ತಾಳೆ.

ಆ ಜುಂ ಯಾಕೆ ಅಂತ ಆಮೇಲೆ ತಿಳಿಯಿತು. ಎಸ್‌ಎಂಪಿಎಸ್ ಒಳಗೆ, ಕರೆಂಟ್ ಬರುವ ಬಾಗಿಲ ಬಳಿಯೇ, ಒಂದು ಫಿಲ್ಟರ್ ಇರುತ್ತದೆ. ಅದರ ಎರಡು ಸಣ್ಣ ಕೆಪಾಸಿಟರ್‌ಗಳು ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಕ್ಯಾಬಿನೆಟ್‌ನ ಲೋಹಕ್ಕೆ ಜೋಡಿಸಿರುತ್ತವೆ. ಅರ್ಥಿಂಗ್ ಸರಿ ಇದ್ದರೆ ಅಲ್ಲಿ ಸೋರಿದ್ದು ನೆಲಕ್ಕೆ ಇಳಿದುಹೋಗುತ್ತದೆ. ಇಲ್ಲದಿದ್ದರೆ 230 ವೋಲ್ಟ್‌ನ ಅರ್ಧದಷ್ಟು ಕ್ಯಾಬಿನೆಟ್ ಮೈಮೇಲೆ ನಿಲ್ಲುತ್ತದೆ. ಸೋರುವುದು ತೀರಾ ಕಡಿಮೆ, ಅದಕ್ಕೇ ಜುಂ ಅನ್ನುತ್ತದೆ, ಹೊಡೆಯುವುದಿಲ್ಲ. ಆದರೆ ಅರ್ಥಿಂಗ್ ಇಲ್ಲ ಅನ್ನುವ ಸುದ್ದಿಯನ್ನು ಅದು ನಿಮ್ಮ ಬೆರಳಿಗೆ ಹೇಳುತ್ತಿರುತ್ತದೆ.

ಆದ್ದರಿಂದ ಪಾರ್ಟ್ಸ್ ತರುವ ಮೊದಲೇ ಒಬ್ಬ ಎಲೆಕ್ಟ್ರಿಷಿಯನ್ ಕರೆಸಿ, ಕಂಪ್ಯೂಟರ್ ಇಡುವ ಪ್ಲಗ್ ತೋರಿಸಿ. ಮೀಟರ್‌ನಲ್ಲಿ ಫೇಸ್ ಮತ್ತು ನ್ಯೂಟ್ರಲ್ ನಡುವೆ ಎಷ್ಟು ಬರುತ್ತದೋ ಫೇಸ್ ಮತ್ತು ಅರ್ಥ್ ನಡುವೆಯೂ ಸುಮಾರು ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್ ದಾಟಬಾರದು. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸುವ ಆ ಬಿಳೀ ಅಡಾಪ್ಟರ್ ಮನೆಯಲ್ಲಿದ್ದರೆ ಬಿಸಾಕಿ.

ಎಸ್‌ಎಂಪಿಎಸ್ ಕೊಳ್ಳುವಾಗ ಡಬ್ಬಿ ಮೇಲಿನ ವ್ಯಾಟ್‌ಗಿಂತ "80 ಪ್ಲಸ್" ಗುರುತು ನೋಡಿ, ಕರೆಂಟ್ ಎಷ್ಟು ಕಡಿಮೆ ಪೋಲಾಗುತ್ತದೆ ಅನ್ನುವುದರ ದರ್ಜೆ ಅದು. ಬ್ರಾಂಜ್ ಇದ್ದರೆ ಸಾಕು, ಗೋಲ್ಡ್ ಬೇಕಿಲ್ಲ. ಅದರ ವಾರಂಟಿ ಎಷ್ಟು ವರ್ಷ ಕೇಳಿ. ಕಂಪನಿಗೇ ನಂಬಿಕೆ ಇದ್ದರೆ ಮೂರರಿಂದ ಐದು ವರ್ಷ ಕೊಡುತ್ತದೆ. ಕೈಯಲ್ಲಿ ಹಿಡಿದಾಗ ಹಗುರಾಗಿ ಖಾಲಿ ಟಿಫಿನ್ ಡಬ್ಬಿ ಥರ ಇದ್ದರೆ, ಮೇಲೆ 500 ವ್ಯಾಟ್ ಅಂತ ಬರೆದಿದ್ದರೂ ನಂಬಬೇಡಿ. ಈಗ ಕಾರ್ಡ್ ಇಲ್ಲದಿದ್ದರೂ 550 ವ್ಯಾಟ್ ತಗೊಳ್ಳಿ.

ಇನ್ನು ಯುಪಿಎಸ್. "ಮನೆಗೇ ಇನ್ವರ್ಟರ್ ಇದೆಯಲ್ಲ, ಮತ್ಯಾಕೆ?" ಅಂತ ಭಾವ ಕೇಳಿದರು. ಒಳ್ಳೆ ಪ್ರಶ್ನೆ. ಎಷ್ಟೋ ಇನ್ವರ್ಟರ್‌ಗಳ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಒಂದು ಕಡೆ ಇಕೋ, ಇನ್ನೊಂದು ಕಡೆ ಯುಪಿಎಸ್. ಬಹುತೇಕ ಮನೆಗಳಲ್ಲಿ ಅದು ಇಕೋ ಕಡೆಗೇ ಇರುತ್ತದೆ. ಆಗ ಕರೆಂಟ್ ಹೋದಾಗ ಫ್ಯಾನ್ ನಿಲ್ಲುವುದು ಗೊತ್ತಾಗುವುದಿಲ್ಲ, ಆದರೆ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಸ್ವಿಚ್ಚನ್ನು ಯುಪಿಎಸ್ ಕಡೆ ಮಾಡಿದರೆ ಬದಲಾವಣೆ ಬೇಗ ಆಗುತ್ತದೆ, ವೋಲ್ಟೇಜ್ ತೀರಾ ಇಳಿದಾಗಲೂ ಅದು ಕಾಯದೆ ಬ್ಯಾಟರಿಗೆ ಹೋಗುತ್ತದೆ. ಇನ್ವರ್ಟರ್ ಸೈನ್ ವೇವ್‌ದಾಗಿದ್ದು, ಈ ಸ್ವಿಚ್ ಇದ್ದು, ಆ ರೂಮಿನ ಪ್ಲಗ್‌ಗೆ ಲೈನ್ ಇದ್ದರೆ ಮೊದಲು ಅದನ್ನೇ ಪರೀಕ್ಷೆ ಮಾಡಿ. ಕಂಪ್ಯೂಟರ್ ಓಡುತ್ತಿರುವಾಗ ಮೇನ್ ಆಫ್ ಮಾಡಿ ನೋಡಿ. ಐದು ಸಲ ಮಾಡಿದರೂ ರೀಸ್ಟಾರ್ಟ್ ಆಗದಿದ್ದರೆ ಯುಪಿಎಸ್ ದುಡ್ಡು ಉಳಿಯಿತು. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಸುಮ್ನೆ ಯುಪಿಎಸ್ ತಗೊಳ್ಳಿ.

ಯುಪಿಎಸ್ ಅಳತೆಯಲ್ಲೂ ಒಂದು ಗೊಂದಲ. 600 ವಿಎ ಅಂದರೆ 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360 ವ್ಯಾಟ್ ಆಸುಪಾಸು. ಕಾರ್ಡ್ ಇಲ್ಲದ ಮಷೀನ್‌ಗೆ ಅದು ಬೇಕಾದಷ್ಟಾಯಿತು. ಮುಂದೆ ಕಾರ್ಡ್ ಹಾಕುವವರು 1000 ವಿಎ ನೋಡಿ. ಬೆಸ್ಕಾಂ ಕರೆಂಟ್ ಬರುವವರೆಗೂ ಓದಲಿಕ್ಕೆ ಅಲ್ಲ ಅದು, ಫೈಲ್ ಸೇವ್ ಮಾಡಿ ಮಷೀನ್ ಆಫ್ ಮಾಡಲು ಸಿಗುವ ಹತ್ತು ನಿಮಿಷ. ಬ್ಯಾಟರಿಯನ್ನು ಎರಡು ಮೂರು ವರ್ಷಕ್ಕೊಮ್ಮೆ ಬದಲಿಸುವ ಖರ್ಚನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಕ್ಯಾಬಿನೆಟ್, ಮಾನಿಟರ್

ಮುಂದೆ ಪೂರ್ತಿ ಗಾಜು, ಒಳಗೆ ಬಣ್ಣ ಬಣ್ಣದ ಲೈಟು. ನೋಡಲು ಚಂದ. ಗಾಳಿ ಹೋಗಲು ದಾರಿ ಇಲ್ಲ. ಏಪ್ರಿಲ್, ಮೇ ತಿಂಗಳ ದಾವಣಗೆರೆ, ಚಿತ್ರದುರ್ಗದ ಸೆಕೆಯಲ್ಲಿ ಮುಂದೆ ಜಾಲರಿ ಇರುವ ಕ್ಯಾಬಿನೆಟ್ಟೇ ಒಳ್ಳೆಯದು. ಜಾಲರಿ ಹಿಂದೆ ಬಿಚ್ಚಿ ತೊಳೆಯಬಹುದಾದ ಧೂಳಿನ ಫಿಲ್ಟರ್ ಇರಲಿ. ಮಂಡಕ್ಕಿ ಭಟ್ಟಿಗಳ ಕಡೆ ಮನೆ ಇದ್ದವರಿಗೆ ಮಸಿಯ ಬಗ್ಗೆ ನಾನು ಹೇಳಬೇಕಿಲ್ಲ. ಪೆಟ್ಟಿಗೆಯನ್ನು ನೆಲಕ್ಕೆ ಇಡಬೇಡಿ, ಒಂದು ಗೇಣು ಎತ್ತರಕ್ಕೆ ಇಡಿ. ಕಸ ಗುಡಿಸುವಾಗ ಏಳುವ ಧೂಳು ಅರ್ಧ ಅಲ್ಲೇ ತಪ್ಪುತ್ತದೆ.

ಮಾನಿಟರ್ ವಿಷಯದಲ್ಲಿ ಜಿಪುಣತನ ಬೇಡ. ನಾಲ್ಕು ವರ್ಷ ದಿನಾ ನೋಡುವುದು ಅದನ್ನೇ. 20 ಇಂಚಿನ ಕಡಿಮೆ ರೆಸಲ್ಯೂಶನ್ ಪರದೆಯಲ್ಲಿ ಒಂದು ಕಡೆ ಕೋಡ್, ಇನ್ನೊಂದು ಕಡೆ ಪಾಠ ಇಟ್ಟರೆ ಎರಡೂ ಓದಲಾಗುವುದಿಲ್ಲ. 22ರಿಂದ 24 ಇಂಚು, ಫುಲ್ ಎಚ್‌ಡಿ, ಐಪಿಎಸ್ ಪ್ಯಾನೆಲ್ (ಪಕ್ಕದಿಂದ ನೋಡಿದರೂ ಬಣ್ಣ ಕೆಡದ ಪರದೆ). ಅಷ್ಟು ಸಾಕು. ಮಷೀನ್ ಹಳತಾದ ಮೇಲೂ ಅದು ಉಳಿಯುತ್ತದೆ.

ಊರಲ್ಲೋ, ಎಸ್.ಪಿ. ರೋಡಲ್ಲೋ, ಆನ್‌ಲೈನಲ್ಲೋ?

ಬೆಂಗಳೂರಿನ ಎಸ್.ಪಿ. ರೋಡಲ್ಲಿ ಎಲ್ಲವೂ ಸಿಗುತ್ತದೆ, ಅಗ್ಗವೂ ಹೌದು. ಆದರೆ ಇಲ್ಲಿಂದ 260 ಕಿ.ಮೀ. ಹೋಗಿ ಬರುವ ಖರ್ಚು, ಒಂದು ದಿನದ ಕೆಲಸ, ಜೊತೆಗೆ ಬರುವಾಗ ರೈಲಲ್ಲಿ ಮಾನಿಟರ್ ಡಬ್ಬಿಯನ್ನು ಮಗುವಿನ ಹಾಗೆ ತೊಡೆ ಮೇಲೆ ಇಟ್ಟುಕೊಂಡು ಕೂರಬೇಕು. ಎರಡು ಮೂರು ಸಾವಿರ ಉಳಿಯಿತು ಅಂದುಕೊಂಡರೂ ಅದರಲ್ಲೇ ಅರ್ಧ ಹೋಯಿತು. ಭಾನುವಾರ ಹೋದರೆ ಬಹುತೇಕ ಅಂಗಡಿಗಳ ಷಟರ್ ನೋಡಿ ವಾಪಸ್ ಬರಬೇಕಾಗುತ್ತದೆ.

ನಾನು ಭಾಗ ಮಾಡಿಕೊಳ್ಳುತ್ತೇನೆ. ಪ್ರೊಸೆಸರ್, ಎಸ್‌ಎಸ್‌ಡಿ, ರ‍್ಯಾಮ್ ಆನ್‌ಲೈನ್ ಬೆಲೆ ನೋಡಿಕೊಂಡು ಊರಿನ ಅಂಗಡಿಯಲ್ಲಿ ಕೇಳುತ್ತೇನೆ. ಐನೂರು ಹೆಚ್ಚು ಕಡಿಮೆ ಆದರೆ ಊರಲ್ಲೇ. ಬೋರ್ಡ್, ಎಸ್‌ಎಂಪಿಎಸ್, ಯುಪಿಎಸ್, ಮಾನಿಟರ್ ಯಾವಾಗಲೂ ಊರಲ್ಲೇ. ಯಾಕೆಂದರೆ ತೊಂದರೆ ಕೊಡುವುದು ಇವೇ. ಸರ್ವಿಸ್ ಸೆಂಟರ್ ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಇದ್ದರೆ ಹೊತ್ತುಕೊಂಡು ಹೋಗುವವರು ಯಾರು? ಕೊಳ್ಳುವ ಮುಂಚೆ ಇದೊಂದು ಮಾತು ಕೇಳಿ: "ವಾರಂಟಿಗೆ ನೀವೇ ಕಳಿಸಿ ತರಿಸಿಕೊಡ್ತೀರಾ?" ಹೂಂ ಅಂದವರಿಗೆ ಸಾವಿರ ಜಾಸ್ತಿ ಕೊಟ್ಟರೂ ನಷ್ಟ ಇಲ್ಲ.

ಬಿಲ್ ಜಿಎಸ್‌ಟಿ ಸಮೇತ ಬೇಕು, ಪ್ರತಿ ಸಾಮಾನಿನ ಸೀರಿಯಲ್ ನಂಬರ್ ಅದರಲ್ಲಿ ಇರಬೇಕು. ಬಿಲ್ ಬೇಡ ಅಂದರೆ ರೇಟ್ ಕಡಿಮೆ ಮಾಡುತ್ತೇನೆ ಅಂದರೆ ವಾರಂಟಿಯನ್ನೂ ಅಲ್ಲೇ ಬಿಟ್ಟು ಬರುತ್ತೀರಿ. ಥರ್ಮಲ್ ಪೇಪರ್ ಬಿಲ್ ವರ್ಷ ತುಂಬುವುದರೊಳಗೆ ಅಳಿಸಿಹೋಗುತ್ತದೆ, ಅವತ್ತೇ ಫೋಟೊ ತೆಗೆದು ಇಡಿ. ವಿಂಡೋಸ್ ಬೇಕಾದರೆ ಅದರ ಬೆಲೆಯನ್ನೂ ಕೊಟೇಶನ್‌ನಲ್ಲೇ ಬರೆಸಿ. ನಮ್ಮ ಹುಡುಗನಿಗೆ ನಾನು ಉಬುಂಟು ಹಾಕಿಕೊಟ್ಟೆ, ಆಫೀಸ್ ಕೆಲಸಕ್ಕೆ ಲಿಬ್ರೆಆಫೀಸ್. ಮೊದಲ ವಾರ ಮುಖ ಸಿಂಡರಿಸಿದ. ಲ್ಯಾಬ್‌ನಲ್ಲೂ ಅದೇ ಇದ್ದದ್ದು ನೋಡಿ ಸುಮ್ಮನಾದ.

ಕೊನೆಗೆ ನಾವು ಕೊಟ್ಟದ್ದು

2025ರ ಆಗಸ್ಟ್‌ನ ಲೆಕ್ಕ, ರೂಪಾಯಿಗಳಲ್ಲಿ, ಸಣ್ಣ ಚಿಲ್ಲರೆ ಬಿಟ್ಟು:

ಐ5-12400 ಬಾಕ್ಸ್ ಪೀಸ್ 12,500
ಎಚ್610 ಬೋರ್ಡ್ 6,200
16 ಜಿಬಿ ಡಿಡಿಆರ್4 3,300
1 ಟಿಬಿ ಎನ್‌ವಿಎಂಇ 5,000
550 ವ್ಯಾಟ್ ಬ್ರಾಂಜ್ ಎಸ್‌ಎಂಪಿಎಸ್ 4,000
ಜಾಲರಿ ಕ್ಯಾಬಿನೆಟ್ 3,000
24 ಇಂಚಿನ ಮಾನಿಟರ್ 8,000
ಕೀಬೋರ್ಡ್, ಮೌಸ್ 1,000
1000 ವಿಎ ಯುಪಿಎಸ್ 5,500
ಒಟ್ಟು 48,500

ಮೊದಲ ಚೀಟಿಗಿಂತ ಐದೂವರೆ ಸಾವಿರ ಕಡಿಮೆ. ಅದರಲ್ಲಿ ಒಂದಿಷ್ಟು ಅರ್ಥಿಂಗ್ ಸರಿ ಮಾಡಿಸಲು ಹೋಯಿತು, ಉಳಿದದ್ದನ್ನು ಅಕ್ಕ ಕಾರ್ಡ್‌ಗೆ ಅಂತ ಎತ್ತಿಟ್ಟಳು.

ಕಾರ್ಡ್ ಬಗ್ಗೆ ಹುಡುಗ ಬಿಟ್ಟಿಲ್ಲ. ಈಗ ಅವನಿಗೆ ಮಷೀನ್ ಲರ್ನಿಂಗ್ ಹುಚ್ಚು. ಆ ಕೆಲಸಕ್ಕೆ ಎನ್‌ವಿಡಿಯಾ ಕಾರ್ಡೇ ಬೇಕು ಅನ್ನುವುದು ಬಹುಪಾಲು ನಿಜ. ಕಲಿಸುವ ಪಾಠ, ಸಿಗುವ ಕೋಡ್ ಹೆಚ್ಚಿನದು ಎನ್‌ವಿಡಿಯಾದ "ಕುಡಾ" (CUDA) ಎಂಬ ತಂತ್ರಾಂಶದ ಮೇಲೆ ನಿಂತಿದೆ. ಆದರೆ ಯಾವುದು? ಮೊದಲ ಚೀಟಿಯಲ್ಲಿದ್ದ 6 ಜಿಬಿಯ 3050ಕ್ಕೆ ಬರೀ 70 ವ್ಯಾಟ್ ಸಾಕು, ಬೇರೆ ವೈರ್ ಕೂಡ ಜೋಡಿಸಬೇಕಿಲ್ಲ. ಹಳೇ ಮಷೀನ್‌ಗೆ ಹಾಕಲು ಅದು ಒಳ್ಳೆ ಕಾರ್ಡ್. ಆದರೆ ಮಾಡೆಲ್ ತರಬೇತಿಗೆ ಬೇಕಾದದ್ದು ಕಾರ್ಡ್‌ನ ಸ್ವಂತ ಮೆಮೊರಿ, 6 ಬೇಗ ತುಂಬಿಹೋಗುತ್ತದೆ. 4060 ವೇಗ ಜಾಸ್ತಿ, ಮೆಮೊರಿ 8. ಅದಕ್ಕಿಂತ ಹಳೆಯ 3060ರಲ್ಲಿ 12. ಆಟಕ್ಕಾದರೆ 4060, ಅವನು ಹೇಳುವ ಕೆಲಸಕ್ಕಾದರೆ 12 ಜಿಬಿಯ 3060. ಅದು 170 ವ್ಯಾಟ್ ಕುಡಿಯುತ್ತದೆ, ನಮ್ಮ ಎಸ್‌ಎಂಪಿಎಸ್ ತಡೆದುಕೊಳ್ಳುತ್ತದೆ.

ಅಲ್ಲಿಯವರೆಗೆ ಬ್ರೌಸರ್‌ನಲ್ಲೇ ಕೋಡ್ ಓಡಿಸುವ ಗೂಗಲ್ ಕೊಲ್ಯಾಬ್ ಇದೆ. ಪುಕ್ಕಟೆ ಖಾತೆಗೂ ಸ್ವಲ್ಪ ಹೊತ್ತು ಜಿಪಿಯು (ಗ್ರಾಫಿಕ್ಸ್ ಕಾರ್ಡ್‌ನ ಚಿಪ್) ಕೊಡುತ್ತದೆ. ಅದರಲ್ಲೇ ಎರಡು ಪ್ರಾಜೆಕ್ಟ್ ಮುಗಿಸಿ ತೋರಿಸು, ಆಮೇಲೆ ಕಾರ್ಡ್ ಮಾತು ಅಂದಿದ್ದೇನೆ. ಒಂದು ಮುಗಿದಿದೆ. ಹೋದ ಭಾನುವಾರ ಧೂಳು ಹೊಡೆಯಲು ಕ್ಯಾಬಿನೆಟ್ ಬಿಚ್ಚಿದಾಗ, ಕಾರ್ಡ್‌ಗೆ ಅಂತ ಮಡಚಿ ಕಟ್ಟಿಟ್ಟಿದ್ದ ಎಂಟು ಪಿನ್ನಿನ ವೈರ್‌ನ ಟ್ಯಾಗ್ ಬಿಚ್ಚಿ ಹೊರಗೆ ಎಳೆದು ಬಿಟ್ಟಿದ್ದ. "ಏನೋ ಇದು?" ಅಂದೆ. "ರೆಡಿ ಇರಲಿ ಅಂತ, ಮಾವ" ಅಂದ.